ಹೋಟೆಲಿನ ಅಂಕಪಟ್ಟಿಯನ್ನು ಓದುವ ಬಗೆ

ಹೋಟೆಲಿನ ಅಡುಗೆಮನೆಯನ್ನು ಅಳೆಯಲು ನಮ್ಮ ದೇಶದಲ್ಲಿ 114 ಅಂಕಗಳ ಒಂದು ಪಟ್ಟಿ ಇದೆ. ಹೋಟೆಲು, ಕ್ಯಾಂಟೀನು, ಕೇಟರಿಂಗ್ ಘಟಕಗಳ ತಪಾಸಣೆಗೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಸಿದ್ಧಪಡಿಸಿದ ಪಟ್ಟಿ ಇದು. ನೆಲ, ಗೋಡೆ, ಚರಂಡಿಯ ಸ್ಥಿತಿ, ನೀರಿನ ಪರೀಕ್ಷೆಯ ವರದಿ, ಫ್ರಿಜ್ಜಿನ ಶಾಖ, ಜಿರಳೆ ಮತ್ತು ಇಲಿಗಳ ಸುಳಿವು, ಅಡುಗೆಯವರ ಆರೋಗ್ಯ ಎಲ್ಲವೂ ಇದರಲ್ಲಿವೆ. 100 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ‘ಎ ಪ್ಲಸ್’, 91ರಿಂದ 99ಕ್ಕೆ ‘ಎ’, 81ರಿಂದ 90ಕ್ಕೆ ‘ಬಿ’. ಅದಕ್ಕೂ ಕೆಳಗಿಳಿದರೆ ದರ್ಜೆಯೇ ಇಲ್ಲ. ಆಹಾರದ ಸುರಕ್ಷತೆಗೆ ನೇರವಾಗಿ ಪೆಟ್ಟು ಕೊಡಬಲ್ಲ ಪ್ರಶ್ನೆಗಳ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿರುತ್ತಾರೆ. ಅಂಥ ಒಂದೇ ಒಂದು ಪ್ರಶ್ನೆಯಲ್ಲಿ ಸೋತರೂ, ಉಳಿದೆಲ್ಲದರಲ್ಲಿ ಎಷ್ಟೇ ಅಂಕ ಗಳಿಸಿದ್ದರೂ, ಆ ಅಡುಗೆಮನೆ ನಪಾಸು.

ಈ ನಕ್ಷತ್ರಗಳಲ್ಲಿ ಬಹಳ ದೊಡ್ಡ ವಿಜ್ಞಾನ ಅಡಗಿದೆ. ಕೊಳಕಾಗಿ ಕಾಣುವುದೆಲ್ಲ ಅಪಾಯಕಾರಿಯಲ್ಲ, ಅಪಾಯಕಾರಿಯಾದದ್ದೆಲ್ಲ ಕೊಳಕಾಗಿ ಕಾಣುವುದೂ ಇಲ್ಲ. ಮಸಿ ಹಿಡಿದ ಗೋಡೆ ನೋಡಿ ನಾವು ಮೂಗು ಮುರಿಯುತ್ತೇವೆ. ಪಕ್ಕದಲ್ಲೇ ಬೆಚ್ಚಗೆ ಕುಳಿತ ಅನ್ನದ ಪಾತ್ರೆಯನ್ನು ಗಮನಿಸುವುದಿಲ್ಲ. ಗೋಡೆಯಿಂದ ಕಾಯಿಲೆ ಬೀಳುವವರು ವಿರಳ, ಆ ಅನ್ನದಿಂದ ಬೀಳುವವರು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಕಲುಷಿತ ಆಹಾರದಿಂದ ಪ್ರತಿ ವರ್ಷ ಸುಮಾರು 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ. ಸತ್ತವರಲ್ಲಿ 1.25 ಲಕ್ಷ ಮಂದಿ ಐದು ವರ್ಷದೊಳಗಿನ ಮಕ್ಕಳು. ಹೋಟೆಲಿನ ತಪಾಸಣೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದು ಆದ್ದರಿಂದಲೇ ತಿನ್ನುವ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ಕುದಿದರೂ ಸಾಯದ ಬೀಜಾಣು

ಅಕ್ಕಿಯಿಂದಲೇ ಆರಂಭಿಸೋಣ. ಗದ್ದೆಯ ಮಣ್ಣಿನಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಸಾಮಾನ್ಯ. ಕಷ್ಟಕಾಲ ಬಂದಾಗ ಅದು ಗಟ್ಟಿ ಕವಚದ ಬೀಜಾಣುವಾಗಿ ಮುದುಡಿಕೊಳ್ಳುತ್ತದೆ. ಭತ್ತದ ಜೊತೆ ಗಿರಣಿಗೆ, ಅಕ್ಕಿಯ ಜೊತೆ ಅಡುಗೆಮನೆಗೆ ಬರುವುದು ಈ ಬೀಜಾಣು. ಅನ್ನ ಕುದಿಯುವಾಗ ಉಳಿದ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಇದು ಬದುಕಿ ಉಳಿಯುತ್ತದೆ. ಅಷ್ಟೇ ಅಲ್ಲ, ಕುದಿಯುವ ಶಾಖವೇ ಅದನ್ನು ಎಬ್ಬಿಸಿ ಮೊಳಕೆಗೆ ಅಣಿಮಾಡುತ್ತದೆ. ಅನ್ನ ಬಿಸಿ ಆರಿ ಬೆಚ್ಚಗಾದ ಹೊತ್ತಿಗೆ ಬೀಜಾಣು ಬ್ಯಾಕ್ಟೀರಿಯಾ ಆಗುತ್ತದೆ. ಎದುರಾಳಿಗಳೆಲ್ಲ ಸತ್ತಿರುವ, ತೇವವಿರುವ, ಪಿಷ್ಟ ತುಂಬಿರುವ ಪಾತ್ರೆ ಪೂರ್ತಿ ಅದರದ್ದೇ.

ಒಂದು ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 11 ಗಂಟೆಗೆ ಮಾಡಿದ ಅನ್ನದ ಒಂದು ಗ್ರಾಮಿನಲ್ಲಿ ಇಂಥ 100 ಜೀವಕೋಶಗಳು ಉಳಿದಿವೆ, ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಸುತ್ತವೆ ಎಂದುಕೊಳ್ಳೋಣ. ಒಂದು ಗಂಟೆಯಲ್ಲಿ 400, ಎರಡು ಗಂಟೆಯಲ್ಲಿ 1,600. ಸಾಯಂಕಾಲ 4 ಗಂಟೆಗೆ ಹತ್ತು ಸಲ ಇಮ್ಮಡಿಸಿ 1,02,400. ಗ್ರಾಮಿಗೆ ಒಂದು ಲಕ್ಷ ದಾಟಿದರೆ ಹೊಟ್ಟೆ ಕೆಡುವ ಸಾಧ್ಯತೆ ಶುರುವಾಗುತ್ತದೆ. ಅನ್ನದ ರುಚಿ, ವಾಸನೆ, ಬಣ್ಣ ಯಾವುದೂ ಆ ಹೊತ್ತಿಗೆ ಬದಲಾಗಿರುವುದಿಲ್ಲ. ರಾತ್ರಿ ಅದೇ ಅನ್ನ ಬಾಣಲೆಗೆ ಬಿದ್ದು ಫ್ರೈಡ್ ರೈಸ್ ಆಗುತ್ತದೆ. ಬಾಣಲೆಯ ಕಾವಿಗೆ ಬ್ಯಾಕ್ಟೀರಿಯಾ ಸಾಯಬಹುದು. ಅದು ಅಷ್ಟರಲ್ಲಿ ಉಗುಳಿಟ್ಟ ಸೀರಿಯುಲೈಡ್ ಎಂಬ ವಿಷ ಮಾತ್ರ ಸಾಯುವ ಜಾತಿಯದಲ್ಲ. ಪ್ರೆಶರ್ ಕುಕ್ಕರಿನ ಶಾಖಕ್ಕೂ ಅದು ಜಗ್ಗುವುದಿಲ್ಲ.

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಕೊಳ್ಳತೊಡಗಿದಾಗ ಈ ಕಥೆ ಹೊರಬಂತು. ಫ್ರಿಜ್ಜಿನಲ್ಲಿಟ್ಟ ಅನ್ನ ಗಂಟು ಕಟ್ಟುತ್ತದೆ, ಹುರಿಯುವಾಗ ಉದುರುದುರಾಗಿ ಬರುವುದಿಲ್ಲ. ಅದಕ್ಕಾಗಿ ಅಡುಗೆಯವರು ಅನ್ನವನ್ನು ಹೊರಗೇ ಇಡುತ್ತಿದ್ದರು. ಅವರ ಅಡುಗೆಮನೆ ಕೊಳಕಾಗಿತ್ತೆಂದು ಇದರರ್ಥವಲ್ಲ. ಅಲ್ಲಿ ತಪ್ಪಿದ್ದು ಹೊತ್ತು ಮತ್ತು ಶಾಖದ ಲೆಕ್ಕ.

ಕೊಳಗದ ಆಳ

ಬಹುತೇಕ ರೋಗಕಾರಕ ಬ್ಯಾಕ್ಟೀರಿಯಾಗಳು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೆಳೆಯುತ್ತವೆ. ಆಹಾರ ಸುರಕ್ಷತೆಯ ಭಾಷೆಯಲ್ಲಿ ಇದು ಅಪಾಯದ ವಲಯ. ಆಹಾರ ಈ ವಲಯದ ಮೇಲಿರಬೇಕು ಇಲ್ಲವೇ ಕೆಳಗಿರಬೇಕು; ನಡುವೆ ಹಾದುಹೋಗುವುದು ಅನಿವಾರ್ಯವಾದಾಗ ಬೇಗ ಹಾದುಹೋಗಬೇಕು. ತಪಾಸಣಾ ಪಟ್ಟಿಯಲ್ಲಿರುವ ಶಾಖದ ನಿಯಮಗಳೆಲ್ಲ ಈ ಒಂದು ಮಾತಿನ ವಿಸ್ತರಣೆ. ಬಡಿಸಲು ಇಟ್ಟ ಬಿಸಿ ಆಹಾರ 65 ಡಿಗ್ರಿಯಲ್ಲಿರಬೇಕು. ತಣ್ಣಗಿನದು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು. ಮತ್ತೆ ಬಿಸಿ ಮಾಡಿದರೆ ಆಹಾರದ ನಡುಭಾಗ 75 ಡಿಗ್ರಿ ತಲುಪಿ ಎರಡು ನಿಮಿಷವಾದರೂ ಹಾಗೇ ಇರಬೇಕು. ಬಿಸಿನೀರು ಬೆರೆಸಿ ಬೆಚ್ಚಗೆ ಮಾಡಿ ಬಡಿಸುವಂತಿಲ್ಲ. ಫ್ರಿಜ್ಜಿಗೆ ಹೋಗಬೇಕಾದ ಬೆಂದ ಆಹಾರ ಎರಡು ಗಂಟೆಯೊಳಗೆ 60ರಿಂದ 21 ಡಿಗ್ರಿಗೆ, ಮುಂದಿನ ಎರಡು ಗಂಟೆಯೊಳಗೆ 5 ಡಿಗ್ರಿಗೆ ಇಳಿಯಬೇಕು.

ಇವುಗಳಲ್ಲಿ ಕೊನೆಯದು ಪಾಲಿಸಲು ಅತ್ಯಂತ ಕಷ್ಟದ್ದು. ಕಲಬುರಗಿಯ ಮೇ ತಿಂಗಳಲ್ಲಿ ಅಡುಗೆಮನೆಯ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಅಲ್ಲಿ ಪಾತ್ರೆಯನ್ನು ಹೊರಗಿಟ್ಟು ಎಷ್ಟು ಹೊತ್ತು ಕಾದರೂ ಅದು 21 ಡಿಗ್ರಿಗೆ ಇಳಿಯಲಾರದು. ಬೆಂಗಳೂರಿನ ತಂಪು ದಿನದಲ್ಲೂ ದೊಡ್ಡ ಕೊಳಗದ ನಡುಭಾಗ ತಣಿಯಲು ಬಹಳ ಹೊತ್ತು ಬೇಕು. ಅನ್ನ, ಬಿಸಿಬೇಳೆಬಾತಿನಂಥ ಗಟ್ಟಿ ಪದಾರ್ಥಗಳಲ್ಲಿ ಶಾಖ ಒಳಗಿಂದ ಹೊರಗೆ ಒಂದೊಂದೇ ಪದರ ದಾಟಿ ಬರಬೇಕು. ಆಳ ಎರಡರಷ್ಟಾದರೆ ತಣಿಯುವ ಹೊತ್ತು ಸುಮಾರು ನಾಲ್ಕರಷ್ಟಾಗುತ್ತದೆ. 20 ಸೆಂಟಿಮೀಟರ್ ಆಳದ ಅನ್ನವನ್ನು 5 ಸೆಂಟಿಮೀಟರ್ ಆಳದ ತಟ್ಟೆಗಳಿಗೆ ಹರಡಿದರೆ ಅದು ಹೆಚ್ಚುಕಡಿಮೆ ಹದಿನಾರು ಪಟ್ಟು ಬೇಗ ತಣಿಯುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಡ. ಅಗಲವಾದ ನಾಲ್ಕು ತಟ್ಟೆ, ಒಂದು ಫ್ಯಾನು, ಬೇಕಿದ್ದರೆ ತಳಕ್ಕೆ ಒಂದಿಷ್ಟು ಐಸು ಸಾಕು.

ಬಿರಿಯಾನಿ, ಮಟನ್ ಸಾರಿನಂಥ ಮಾಂಸದ ಅಡುಗೆಯಲ್ಲಿ ಇನ್ನೊಂದು ಬೀಜಾಣುವಿನ ಕಾಟವಿದೆ: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಗಾಳಿಯಾಡದ ಕಡೆ ಬೆಳೆಯುವ ಇದಕ್ಕೆ ಹಂಡೆಯ ತಳವೇ ಹೇಳಿಮಾಡಿಸಿದ ಜಾಗ. 43ರಿಂದ 47 ಡಿಗ್ರಿಯಲ್ಲಿ ಹತ್ತು ನಿಮಿಷದೊಳಗೆ ಇಮ್ಮಡಿಸಬಲ್ಲ ಇದರ ವೇಗಕ್ಕೆ ಸಾಟಿಯಾದ ರೋಗಾಣುಗಳು ಕಡಿಮೆ. ಮದುವೆಮನೆಯಲ್ಲಿ ಮಧ್ಯಾಹ್ನ ಉಂಡವರಿಗೆ ನಡುರಾತ್ರಿ ಹೊಟ್ಟೆ ಮುರಿದು ಭೇದಿ ಹತ್ತಿತೆಂದರೆ ತನಿಖೆ ಮಾಡುವವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಹಂಡೆ ಒಲೆಯಿಂದ ಇಳಿದದ್ದು ಎಷ್ಟು ಗಂಟೆಗೆ ಎಂಬುದು.

ಒಂದೇ ತಟ್ಟೆಯಲ್ಲಿ ಇಡ್ಲಿ ಮತ್ತು ಚಟ್ನಿ

1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ದರ್ಶಿನಿಗಳು ಅಡುಗೆಮನೆಯನ್ನು ಗಿರಾಕಿಯ ಕಣ್ಣೆದುರಿಗೇ ತಂದಿಟ್ಟವು. ನಿಂತು ತಿನ್ನುವ ಆ ಸ್ಟೀಲ್ ತಟ್ಟೆಯಲ್ಲಿ ಆಹಾರ ಸುರಕ್ಷತೆಯ ಒಳ್ಳೆಯ ಪಾಠವೂ ಒಂದು ಪರೀಕ್ಷೆಯೂ ಪಕ್ಕಪಕ್ಕದಲ್ಲೇ ಕುಳಿತಿರುತ್ತವೆ.

ಇಡ್ಲಿಗೆ ಎರಡು ಕಾವಲು. ರಾತ್ರಿ ಹುದುಗುವಾಗ ಲ್ಯೂಕೊನೋಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಹಿಟ್ಟನ್ನು ಹುಳಿಯಾಗಿಸುತ್ತವೆ. ಆ ಹುಳಿಯಲ್ಲಿ ರೋಗಕಾರಕಗಳು ಸುಲಭವಾಗಿ ತಲೆ ಎತ್ತಲಾರವು. ಬೆಳಿಗ್ಗೆ ಕುದಿಯುವ ನೀರಿನ ಹಬೆ ಹಿಟ್ಟನ್ನು ಒಳಗಿನವರೆಗೆ ಬೇಯಿಸುತ್ತದೆ, ಇಡ್ಲಿ ಬಿಸಿಬಿಸಿಯಾಗಿ ತಟ್ಟೆಗೆ ಬರುತ್ತದೆ. ಜಗತ್ತಿನ ಸುರಕ್ಷಿತ ಹೋಟೆಲ್ ತಿಂಡಿಗಳ ಪಟ್ಟಿ ಮಾಡಿದರೆ ಇಡ್ಲಿಗೆ ಅದರಲ್ಲಿ ಮೇಲಿನ ಸ್ಥಾನ ಸಲ್ಲಬೇಕು.

ತೆಂಗಿನಕಾಯಿ ಚಟ್ನಿಯ ಸ್ಥಿತಿ ತದ್ವಿರುದ್ಧ. ಅದು ಬೇಯುವುದಿಲ್ಲ. ಹುಳಿಯೂ ಕಡಿಮೆ. ಕಾಯಿ ಒಡೆಯುವ ಕೈ, ತುರಿಯುವ ಕೈ, ಗ್ರೈಂಡರಿನ ಮೂಲೆಗಳು, ಸುರಿಯುವ ನೀರು ಎಲ್ಲದರ ಬ್ಯಾಕ್ಟೀರಿಯಾಗಳೂ ಅದರಲ್ಲಿ ಸೇರುತ್ತವೆ. ಬಿಸಿ ಒಗ್ಗರಣೆ ಚುರ್ ಎಂದು ಬಿದ್ದರೂ ಅದು ತಾಗುವುದು ಮೇಲ್ಪದರಕ್ಕೆ ಮಾತ್ರ. ಆರು ಗಂಟೆಗೆ ರುಬ್ಬಿದ ಚಟ್ನಿ ಹನ್ನೊಂದರವರೆಗೂ ಕೌಂಟರಿನ ಮೇಲೆ ಬೆಚ್ಚಗೆ ಕುಳಿತಿದ್ದರೆ ಅದು ಅಪಾಯದ ವಲಯದ ನಟ್ಟನಡುವೆ ಐದು ಗಂಟೆ ಕಳೆದಂತಾಯಿತು. ಅಡುಗೆಯವರ ಬೆರಳಿನ ಗಾಯದಿಂದಲೋ ಮೂಗಿನಿಂದಲೋ ಸ್ಟೆಫೈಲೊಕಾಕಸ್ ಬಂದು ಸೇರಿದ್ದರೆ, ಅದರ ವಿಷವೂ ಕುದಿಸಿದರೆ ಹೋಗುವಂಥದ್ದಲ್ಲ.

ಚಟ್ನಿಯ ಪಾತ್ರೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ತಳದಲ್ಲಿ ಒಂದಿಷ್ಟು ಉಳಿದಿರುವಾಗಲೇ ಹೊಸದಾಗಿ ರುಬ್ಬಿದ್ದನ್ನು ಅದರ ಮೇಲೆ ಸುರಿಯುವುದು ಬಹಳ ಕಡೆ ರೂಢಿ. ಹಾಗೆ ಮಾಡಿದಾಗ ಹಳೆಯ ಚಟ್ನಿಯಲ್ಲಿ ಗಂಟೆಗಟ್ಟಲೆ ಬೆಳೆದ ಬ್ಯಾಕ್ಟೀರಿಯಾಗಳು ಹೊಸ ಚಟ್ನಿಗೆ ಹೆಪ್ಪಾಗುತ್ತವೆ. ಸ್ವಲ್ಪಸ್ವಲ್ಪವೇ ರುಬ್ಬುವುದು, ಪ್ರತಿ ಸಲವೂ ತೊಳೆದ ಬೇರೆ ಪಾತ್ರೆಗೆ ಹಾಕುವುದು, ಮೀಸಲು ಚಟ್ನಿಯನ್ನು ಫ್ರಿಜ್ಜಿನಲ್ಲಿಡುವುದು, ಉಳಿದದ್ದನ್ನು ಚೆಲ್ಲುವುದು: ಇಷ್ಟನ್ನು ಪಾಲಿಸುವ ಹೋಟೆಲು ಗೋಡೆಯ ಬಣ್ಣ ಮಾಸಿದ್ದರೂ ನನ್ನ ಲೆಕ್ಕದಲ್ಲಿ ಮೇಲು.

ಪ್ರಯೋಗಾಲಯದ ಮಿತಿ

ಅಧಿಕಾರಿಯ ಕಣ್ಣಿಗೆ ಕಾಣದ್ದನ್ನು ಪ್ರಯೋಗಾಲಯ ಕಾಣಬಲ್ಲದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ಸಂಗ್ರಹಿಸಿದ ಮಾದರಿಯನ್ನು ನಾಲ್ಕು ಭಾಗ ಮಾಡಿ, ಒಂದನ್ನು ಆಹಾರ ವಿಶ್ಲೇಷಕರಿಗೆ ಕಳಿಸುತ್ತಾರೆ. ಅವರು 14 ದಿನಗಳಲ್ಲಿ ವರದಿ ಕೊಡಬೇಕು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದು ಇಂಥ ಪರೀಕ್ಷೆಗಳ ಆಧಾರದ ಮೇಲೆಯೇ. ಗೋಬಿಯ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣಗಳು ಸಿಕ್ಕಿದ್ದವು. ಬಟ್ಟೆಗೆ ಹಾಕುವ ರೋಡಮಿನ್-ಬಿ ಕೂಡ ನಮ್ಮ ಮಕ್ಕಳ ಮಿಠಾಯಿಗೆ ಸೇರಿತ್ತು. ಮರುವರ್ಷ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವ ಪದ್ಧತಿಯ ಮೇಲೂ ಇಲಾಖೆ ಕ್ರಮ ಕೈಗೊಂಡಿತು.

ಬಣ್ಣ ಇಂದು ಇದ್ದಂತೆ ನಾಳೆಯೂ ಇರುತ್ತದೆ, ನಿಧಾನವಾಗಿ ಪರೀಕ್ಷಿಸಬಹುದು. ಬ್ಯಾಕ್ಟೀರಿಯಾದ ವಿಷಯ ಹಾಗಲ್ಲ. ಮಾದರಿಯನ್ನು ತಟ್ಟೆಯಲ್ಲಿ ಬೆಳೆಸಿ ಎಣಿಸಲು ಒಂದೆರಡು ದಿನ ಬೇಕು, ಸಾಲ್ಮೊನೆಲ್ಲಾವನ್ನು ಖಚಿತಪಡಿಸಲು ಇನ್ನೂ ಹೆಚ್ಚು. ಉತ್ತರ ಬರುವ ಹೊತ್ತಿಗೆ ಆ ಊಟವನ್ನು ಜನ ಉಂಡು ಮುಗಿಸಿರುತ್ತಾರೆ.

1960ರ ದಶಕದಲ್ಲಿ ಗಗನಯಾತ್ರಿಗಳಿಗೆ ಆಹಾರ ತಯಾರಿಸುತ್ತಿದ್ದ ಅಮೆರಿಕದ ಪಿಲ್ಸ್‌ಬರಿ ಕಂಪನಿಗೆ ಇದೇ ಸಮಸ್ಯೆ ಎದುರಾಯಿತು. ಬಾಹ್ಯಾಕಾಶದಲ್ಲಿ ಹೊಟ್ಟೆ ಕೆಡುವಂತಿಲ್ಲ. ಆದರೆ ಸುರಕ್ಷತೆಯನ್ನು ಪರೀಕ್ಷೆಯಿಂದಲೇ ಸಾಬೀತು ಮಾಡಲು ಹೊರಟರೆ ತಯಾರಿಸಿದ್ದರಲ್ಲಿ ದೊಡ್ಡ ಪಾಲು ಪರೀಕ್ಷೆಗೇ ಮುಗಿದುಹೋಗುತ್ತಿತ್ತು. ಹೋವರ್ಡ್ ಬಾಮನ್ ಮತ್ತು ಸಂಗಡಿಗರು ನಾಸಾ ಹಾಗೂ ಅಮೆರಿಕದ ಸೇನಾ ಪ್ರಯೋಗಾಲಯದ ಜೊತೆಗೂಡಿ ಬೇರೆ ದಾರಿ ಹಿಡಿದರು. ಆಹಾರ ಕೆಡಬಹುದಾದ ಹಂತಗಳು ಯಾವುವೆಂದು ಮೊದಲೇ ಗುರುತಿಸುವುದು, ಆ ಹಂತಗಳಲ್ಲಿ ಶಾಖ, ಹೊತ್ತು, ಹುಳಿಯನ್ನು ಅಳೆಯುವುದು, ಅಳೆದದ್ದನ್ನು ಬರೆದಿಡುವುದು. ಹ್ಯಾಸಪ್ ಎಂಬ ಹೆಸರಿನಲ್ಲಿ ಇದು ಇಂದು ಜಗತ್ತಿನ ಆಹಾರ ಕಾನೂನುಗಳ ಬೆನ್ನೆಲುಬು. ನಮ್ಮ ಪಟ್ಟಿಯ ಶಾಖದ ಪ್ರಶ್ನೆಗಳ ಹಿಂದಿರುವುದೂ ಇದೇ ವಿಚಾರ.

ಅಂಕವನ್ನು ಬಾಗಿಲಿಗೆ ಹಚ್ಚಿದ ಊರುಗಳು

1997ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಟಿವಿ ವಾಹಿನಿಯೊಂದು ಗುಪ್ತ ಕ್ಯಾಮೆರಾದಲ್ಲಿ ಹೋಟೆಲುಗಳ ಅಡುಗೆಮನೆ ಚಿತ್ರೀಕರಿಸಿ ತೋರಿಸಿತು. ಜನ ಕೆರಳಿದರು. 1998ರ ಜನವರಿಯಿಂದ ಅಲ್ಲಿನ ಹೋಟೆಲುಗಳು ತಮ್ಮ ತಪಾಸಣಾ ದರ್ಜೆಯನ್ನು ಬಾಗಿಲ ಬಳಿ ತೂಗುಹಾಕತೊಡಗಿದವು: 90ರ ಮೇಲೆ ಎ, 80ರ ಮೇಲೆ ಬಿ, 70ರ ಮೇಲೆ ಸಿ. ಜಿಂಜರ್ ಜಿನ್ ಮತ್ತು ಫಿಲಿಪ್ ಲೆಸ್ಲಿ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಹೆಸರಾಯಿತು. ಹೋಟೆಲುಗಳ ಅಂಕ ಏರಿದೆ, ಗಿರಾಕಿಗಳು ಎ ದರ್ಜೆಯ ಕಡೆ ವಾಲಿದ್ದಾರೆ, ಆಹಾರದಿಂದ ಕಾಯಿಲೆಯಾಗಿ ಆಸ್ಪತ್ರೆ ಸೇರುವವರು ಸುಮಾರು ಶೇ 20ರಷ್ಟು ಇಳಿದಿದ್ದಾರೆ ಎಂದು ಅದು ಹೇಳಿತು. ಹಲವು ಊರುಗಳು ಇದೇ ದಾರಿ ಹಿಡಿದವು. ನ್ಯೂಯಾರ್ಕ್ 2010ರಲ್ಲಿ ಹಿಡಿಯಿತು.

ವಿಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. ಡೇನಿಯಲ್ ಹೋ ಮತ್ತು ಸಂಗಡಿಗರು ಅದೇ ಅಂಕಿಅಂಶಗಳನ್ನು ಮತ್ತೆ ಜಾಲಾಡಿದರು. ದರ್ಜೆ ಬರುವ ಮುನ್ನ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಾಲ್ಮೊನೆಲ್ಲಾ ಪಿಡುಗು ಹಬ್ಬಿ ಆಮೇಲೆ ತಾನಾಗಿಯೇ ಇಳಿದಿತ್ತು. ಆ ಇಳಿಕೆಯೇ ದರ್ಜೆಯ ಫಲವೆಂದು ಕಂಡಿರಬೇಕು ಎಂದು 2019ರಲ್ಲಿ ಬರೆದರು. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಹೋ ನಡೆಸಿದ ಇನ್ನೊಂದು ಪ್ರಯೋಗದಲ್ಲಿ ಇಬ್ಬಿಬ್ಬರು ಅಧಿಕಾರಿಗಳು ಒಟ್ಟಿಗೆ ಹೋಗಿ ಅದೇ ಅಡುಗೆಮನೆಯನ್ನು ನೋಡಿ ಬೇರೆಬೇರೆಯಾಗಿ ವರದಿ ಬರೆದರು. ನೂರಕ್ಕೆ ಅರವತ್ತು ಸಲ ಅವರ ವರದಿಗಳು ತಾಳೆಯಾಗಲಿಲ್ಲ.

ಹಾಗಾದರೆ ತಪಾಸಣೆಯಿಂದ ಏನು ಪ್ರಯೋಜನ? ಒಂದು ಬೆಳಗಿನ ಸಕ್ಕರೆ ಪರೀಕ್ಷೆಯಿಂದ ವೈದ್ಯರು ಮಧುಮೇಹಿಯ ಸ್ಥಿತಿಯನ್ನು ಪೂರ್ತಿ ಅರಿಯಲಾರರು. ಅವರು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯನ್ನೂ ಕೇಳುತ್ತಾರೆ. ತಪಾಸಣೆಯನ್ನೂ ಹಾಗೆಯೇ ಓದಬೇಕು. 2001ರಲ್ಲಿ ನಗುಮುಖದ ಚಿಹ್ನೆಗಳ ಪದ್ಧತಿ ತಂದ ಡೆನ್ಮಾರ್ಕ್ ಇದನ್ನು ಸರಿಯಾಗಿ ಗ್ರಹಿಸಿತು. ಅಲ್ಲಿನ ಹೋಟೆಲಿನ ಬಾಗಿಲಲ್ಲಿ ಕಾಣುವ ವರದಿಯಲ್ಲಿ ಕೊನೆಯ ನಾಲ್ಕು ತಪಾಸಣೆಗಳ ಫಲಿತಾಂಶ ಸಾಲಾಗಿ ಇರುತ್ತದೆ. ಒಂದು ದಿನದ ಸಡಗರಕ್ಕೆ ತೊಳೆದು ಬಳಿದ ಅಡುಗೆಮನೆ ಯಾವುದು, ವರ್ಷವಿಡೀ ಶಿಸ್ತಿನಲ್ಲಿರುವುದು ಯಾವುದು ಎಂಬುದನ್ನು ಆ ಸಾಲು ಹೇಳಿಬಿಡುತ್ತದೆ.

ಜ್ವರ ಬಂದವರ ಕೂಲಿ

ಯಾವ ಪಟ್ಟಿಯೂ ಸುಲಭವಾಗಿ ಹಿಡಿಯಲಾಗದ ಅಪಾಯ ಒಂದಿದೆ. ಅಡುಗೆಯವರು, ಬಡಿಸುವವರು, ತೊಳೆಯುವವರು ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಮಾಡಿಸಿ, ಕರುಳಿನ ಸೋಂಕುಗಳಿಗೆ ಲಸಿಕೆ ಹಾಕಿಸಿಕೊಳ್ಳಬೇಕು ಎಂಬ ನಿಯಮವಿದೆ. ಪ್ರಮಾಣಪತ್ರ ಫೈಲಿನಲ್ಲಿರುತ್ತದೆ. ಜನವರಿಯಲ್ಲಿ ಪಡೆದ ಪ್ರಮಾಣಪತ್ರ ಆಗಸ್ಟ್ ತಿಂಗಳ ಭೇದಿಯ ಬಗ್ಗೆ ಏನನ್ನೂ ಹೇಳದು. ನೊರೊವೈರಸ್ಸಿನ ಕೆಲವೇ ಕಣಗಳು ಸೋಂಕಿಗೆ ಸಾಕು. ಸ್ಯಾನಿಟೈಜರ್ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ, ಸೋಪು ಹಚ್ಚಿ ನೀರಿನಲ್ಲಿ ಕೈತೊಳೆಯುವುದೇ ಮದ್ದು.

ಹೊಟ್ಟೆ ಕೆಟ್ಟವರು ಮನೆಯಲ್ಲಿ ಉಳಿಯಬೇಕು. ಉಳಿದರೆ ಅವತ್ತಿನ ಕೂಲಿ ಹೋಗುತ್ತದೆ, ಊರಿಗೆ ಕಳಿಸಬೇಕಾದ ದುಡ್ಡು ಕಡಿಮೆಯಾಗುತ್ತದೆ. ಹಾಗಾಗಿ ಅವರು ಹೇಳದೆ ಕೆಲಸಕ್ಕೆ ಬರುತ್ತಾರೆ. ಇಲ್ಲಿ ಅವರನ್ನು ದೂರುವುದು ಅನ್ಯಾಯ. ಕಾಯಿಲೆಯ ದಿನಕ್ಕೂ ಸಂಬಳ ಕೊಡುವ ಮಾಲೀಕರು ದಯೆಯ ಕೆಲಸವನ್ನಷ್ಟೇ ಮಾಡುತ್ತಿಲ್ಲ, ತಮ್ಮ ಗಿರಾಕಿಗಳನ್ನು ಕಾಪಾಡುವ ಅತ್ಯಂತ ಅಗ್ಗದ ಉಪಾಯವನ್ನು ಬಳಸುತ್ತಿದ್ದಾರೆ. ಕಾರ್ಮಿಕರ ರಜೆಯ ಪ್ರಶ್ನೆಯನ್ನು ಆಹಾರ ಸುರಕ್ಷತೆಯ ಪ್ರಶ್ನೆಯಾಗಿ ನಾವು ನೋಡದಿರುವುದು ದೊಡ್ಡ ಕೊರತೆ.

ಗಿರಾಕಿ ಕೇಳಬೇಕಾದದ್ದು

ನಮ್ಮಲ್ಲಿ ಪ್ರತಿ ಹೋಟೆಲೂ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ಕಾಣುವಂತೆ ಹಾಕಬೇಕು. ಅದು ಹೋಟೆಲು ಸರ್ಕಾರದ ಲೆಕ್ಕದಲ್ಲಿದೆ ಎಂದಷ್ಟೇ ಹೇಳುತ್ತದೆ. ಸ್ವಚ್ಛತೆಗೆ ಅದು ಸಾಕ್ಷಿಯಲ್ಲ. ಸ್ವಚ್ಛತೆಗೆಂದೇ ಪ್ರಾಧಿಕಾರ ಒಂದರಿಂದ ಐದರವರೆಗಿನ ನಗುಮುಖಗಳ ರೇಟಿಂಗ್ ಯೋಜನೆ ತಂದಿದೆ. ಆದರೆ ಅದು ಹೋಟೆಲಿನವರ ಇಚ್ಛೆಗೆ ಬಿಟ್ಟದ್ದು. ಚೆನ್ನಾಗಿ ನಡೆಸುವವರು ಮುಂದೆ ಬಂದು ರೇಟಿಂಗ್ ಪಡೆಯುತ್ತಾರೆ, ಅಂಜುವವರು ಸುಮ್ಮನಿರುತ್ತಾರೆ. ಯಾರ ಬಗ್ಗೆ ನಮಗೆ ತಿಳಿಯಬೇಕಿತ್ತೋ ಅವರ ಬಗ್ಗೆಯೇ ತಿಳಿಯುವುದಿಲ್ಲ.

ಆದ್ದರಿಂದ ನಾವು ಎರಡನ್ನು ಪಟ್ಟುಹಿಡಿದು ಕೇಳಬೇಕು. ಮೊದಲನೆಯದು ಸರ್ಕಾರಕ್ಕೆ: ಪ್ರತಿ ಹೋಟೆಲಿನ ಕೊನೆಯ ನಾಲ್ಕು ತಪಾಸಣೆಗಳ ವರದಿ, ನಕ್ಷತ್ರದ ಪ್ರಶ್ನೆಗಳಿಗೆ ಸಿಕ್ಕ ಉತ್ತರ, ಸುಧಾರಣಾ ನೋಟಿಸ್ ಕೊಟ್ಟಿದ್ದರೆ ಅದರ ಕಾರಣ, ಇವು ಹೋಟೆಲಿನ ಬಾಗಿಲಲ್ಲೂ ಫೋನಿನಲ್ಲೂ ಎಲ್ಲರಿಗೂ ಕನ್ನಡದಲ್ಲಿ ಸಿಗಬೇಕು. ಜೊತೆಗೆ ಸಣ್ಣ ಹೋಟೆಲಿನವರಿಗೆ ದಂಡದ ರಸೀದಿಗಿಂತ ಮೊದಲು ತರಬೇತಿ ಮತ್ತು ಒಂದು ಥರ್ಮಾಮೀಟರ್ ತಲುಪಬೇಕು.

ಎರಡನೆಯದು ಹೋಟೆಲಿನವರಿಗೆ. ಅನ್ನ ಎಷ್ಟು ಗಂಟೆಗೆ ಬೆಂದಿತು, ಸಾಂಬಾರು ಈಗ ಎಷ್ಟು ಡಿಗ್ರಿಯಲ್ಲಿದೆ, ಚಟ್ನಿಯ ಪಾತ್ರೆ ಬದಲಾದದ್ದು ಯಾವಾಗ, ಫ್ರಿಜ್ಜು ಎಷ್ಟು ತಣ್ಣಗಿದೆ ಎಂದು ದಿನಕ್ಕೆ ನಾಲ್ಕಾರು ಸಲ ಅಳೆದು ಬರೆಯುವ ಒಂದು ಪುಸ್ತಕ ಪ್ರತಿ ಅಡುಗೆಮನೆಯಲ್ಲೂ ಇರಲಿ. ಅಧಿಕಾರಿ ಬರುವುದು ಅಪರೂಪಕ್ಕೆ, ಬ್ಯಾಕ್ಟೀರಿಯಾ ಇಮ್ಮಡಿಸುವುದು ಅರ್ಧ ಗಂಟೆಗೊಮ್ಮೆ. ಆ ವೇಗಕ್ಕೆ ಸರಿಸಮನಾಗಿ ಎಚ್ಚರವಿರಬಲ್ಲವರು ಅಡುಗೆಮನೆಯಲ್ಲಿ ನಿಂತವರು ಮಾತ್ರ. ಅವರು ಬರೆದಿಟ್ಟ ಪುಸ್ತಕವನ್ನು ತೋರಿಸಿ ಎಂದು ಕೇಳುವ ಗಿರಾಕಿಗಳು ಹೆಚ್ಚಾದಷ್ಟೂ, ಅದನ್ನು ಹೆಮ್ಮೆಯಿಂದ ತೆರೆದು ತೋರಿಸುವ ಹೋಟೆಲುಗಳೂ ಹೆಚ್ಚುತ್ತವೆ.